ಮುಖರ್ಜಿ ನಗರದ ಬಾಡಿಗೆ ಕೋಣೆಯಲ್ಲಿ ಸೂ ವೀಡ್ ಅಡುಗೆ: ಕಡಿಮೆ ಬಜೆಟ್‌ನಲ್ಲಿ ಯಾವ ಸಾಧನ ಕೊಳ್ಳಬೇಕು, ಯಾವುದು ಬೇಡ?

ನವದೆಹಲಿ: ಯುಪಿಎಸ್‌ಸಿ ಪರೀಕ್ಷೆಗೆ ಓದುವವರಿಗೆ ಉತ್ತರ ದೆಹಲಿಯ ಮುಖರ್ಜಿ ನಗರವನ್ನು ಪರಿಚಯಿಸಬೇಕಿಲ್ಲ. ಬಾತ್ರಾ ಸಿನಿಮಾ ಸುತ್ತಮುತ್ತಲಿನ ಕೋಚಿಂಗ್ ಕೇಂದ್ರಗಳು, ಪಕ್ಕದ ನೆಹರೂ ವಿಹಾರ್, ಇಂದಿರಾ ವಿಹಾರ್, ಗಾಂಧಿ ವಿಹಾರ್‌ಗಳ ಚಿಕ್ಕ ಚಿಕ್ಕ ಬಾಡಿಗೆ ಕೋಣೆಗಳು, ಬೀದಿಗೊಂದು ಟಿಫಿನ್ ಸರ್ವಿಸ್. ದೇಶದ ನಾನಾ ಭಾಗಗಳಿಂದ ಬರುವವರ ನಡುವೆ ಕರ್ನಾಟಕದವರೂ ಇದ್ದಾರೆ. ಕೆಲವರು ಸ್ವಂತ ಖರ್ಚಿನಲ್ಲಿ, ಇನ್ನು ಕೆಲವರು ರಾಜ್ಯ ಸರ್ಕಾರದ ತರಬೇತಿ ಯೋಜನೆಗಳ ನೆರವಿನಲ್ಲಿ ದೆಹಲಿಗೆ ಬರುತ್ತಾರೆ. ಬಂದವರಿಗೆಲ್ಲ ಕೆಲವೇ ದಿನಗಳಲ್ಲಿ ಎದುರಾಗುವ ಪ್ರಶ್ನೆ ಒಂದೇ: ಊಟಕ್ಕೇನು ಮಾಡುವುದು?

ದಿನವೂ ಎಣ್ಣೆ ತೇಲುವ ಸಬ್ಜಿ, ರೊಟ್ಟಿ ತಿಂದು ಬೇಸತ್ತವರು ಕೋಣೆಯಲ್ಲೇ ಅಡುಗೆ ಶುರು ಮಾಡುತ್ತಾರೆ. ಮೊಟ್ಟೆ, ಕೋಳಿಮಾಂಸದಿಂದ ಪ್ರೋಟೀನ್ ಸಿಗಬೇಕು, ಓದುವ ಸಮಯ ಹಾಳಾಗಬಾರದು, ಒಲೆಯ ಮುಂದೆ ನಿಲ್ಲಬಾರದು ಎನ್ನುವವರ ಕಣ್ಣಿಗೆ ಈಗ ಬೀಳುತ್ತಿರುವ ಹೆಸರು ‘ಸೂ ವೀಡ್’. ಆದರೆ ವಿಡಿಯೊಗಳಲ್ಲಿ ತೋರಿಸುವ ವಿದೇಶಿ ಯಂತ್ರದ ಬೆಲೆ ಕೇಳಿದರೆ ತಿಂಗಳ ಬಾಡಿಗೆಯೇ ನೆನಪಾಗುತ್ತದೆ. ಹಾಗಾದರೆ ಕಡಿಮೆ ಖರ್ಚಿನಲ್ಲಿ ಇದು ಸಾಧ್ಯವೇ? ಯಾವುದನ್ನು ಮೊದಲು ಕೊಳ್ಳಬೇಕು? ಯಾವುದನ್ನು ಮುಟ್ಟಲೇಬಾರದು? ಇಲ್ಲಿದೆ ಮಾಹಿತಿ.

ಏನಿದು ಸೂ ವೀಡ್?

ಇದು ಫ್ರೆಂಚ್ ಪದ. ಅಕ್ಷರಶಃ ಅರ್ಥ ‘ನಿರ್ವಾತದಲ್ಲಿ’ ಎಂದು. ಗಾಳಿ ತೆಗೆದು ಮುಚ್ಚಿದ ಕವರ್‌ನಲ್ಲಿ ಆಹಾರವನ್ನಿಟ್ಟು, ಕುದಿಯುವುದಕ್ಕಿಂತ ಬಹಳ ಕಡಿಮೆ ಬಿಸಿಯ ನೀರಿನಲ್ಲಿ ಹೆಚ್ಚು ಹೊತ್ತು ಬೇಯಿಸುವ ವಿಧಾನ. 1970ರ ದಶಕದಲ್ಲಿ ಫ್ರಾನ್ಸ್‌ನ ರೋವಾನ್ ಪಟ್ಟಣದ ತ್ರುವಾಗ್ರೊ ರೆಸ್ಟೋರೆಂಟ್‌ಗಾಗಿ ಬಾಣಸಿಗ ಜಾರ್ಜ್ ಪ್ರಾಲು ಇದನ್ನು ರೂಪಿಸಿದರು. ಬೇಯಿಸುವಾಗ ಕರಗಿ ಕುಗ್ಗುತ್ತಿದ್ದ ದುಬಾರಿ ಬಾತುಕೋಳಿ ಲಿವರ್‌ನ ತೂಕ ಉಳಿಸುವುದು ಅವರ ಉದ್ದೇಶವಾಗಿತ್ತು.

ಇದರ ಗುಟ್ಟು ಸರಳ. ಬಾಣಲೆಯ ತಳದ ಬಿಸಿ 200 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಹೀಗಾಗಿ ಕೋಳಿಮಾಂಸದ ಹೊರಭಾಗ ಒಣಗಿ ಹೋಗುತ್ತದೆ, ಒಳಭಾಗ ಹಸಿಯಾಗಿ ಉಳಿಯುತ್ತದೆ. ನೀರನ್ನು 65 ಡಿಗ್ರಿಯಲ್ಲೇ ಹಿಡಿದಿಟ್ಟರೆ ಮಾಂಸ ಎಷ್ಟು ಹೊತ್ತಾದರೂ 65 ಡಿಗ್ರಿ ದಾಟುವುದಿಲ್ಲ. ಸೀಯುವುದಿಲ್ಲ, ತಳ ಹಿಡಿಯುವುದಿಲ್ಲ. ಒಮ್ಮೆ ಇಟ್ಟು ಪುಸ್ತಕ ತೆರೆದು ಕೂರಬಹುದು.

ಅಂದರೆ ಇಲ್ಲಿ ಮುಖ್ಯವಾದದ್ದು ನೀರು ಕಾಯಿಸುವ ಯಂತ್ರವಲ್ಲ, ನೀರು ಎಷ್ಟು ಬಿಸಿ ಇದೆ ಎಂಬ ಲೆಕ್ಕ. ಖರ್ಚು ಉಳಿಸುವ ದಾರಿಯೂ ಇದೇ.

ಮೊದಲು ಕೊಳ್ಳಬೇಕಾದದ್ದು ಥರ್ಮಾಮೀಟರ್

ಉದ್ದನೆಯ ಸ್ಟೀಲ್ ಕಡ್ಡಿಯಿರುವ ಡಿಜಿಟಲ್ ಅಡುಗೆ ಥರ್ಮಾಮೀಟರ್ ಆನ್‌ಲೈನ್‌ನಲ್ಲಿ ಸಾಮಾನ್ಯವಾಗಿ 200ರಿಂದ 500 ರೂಪಾಯಿಗೆ ಸಿಗುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ನಡೆಯುವುದಿಲ್ಲ. ಹಣೆಗೆ ಹಿಡಿಯುವ ಇನ್‌ಫ್ರಾರೆಡ್ ಉಪಕರಣವೂ ಬೇಡ, ಏಕೆಂದರೆ ಆ ಬಗೆಯ ಉಪಕರಣ ಮೇಲ್ಮೈ ಬಿಸಿಯನ್ನಷ್ಟೇ ಅಳೆಯುತ್ತದೆ.

ಕೊಂಡ ದಿನವೇ ಪರೀಕ್ಷಿಸಿ. ಲೋಟದ ತುಂಬ ಐಸ್ ಹಾಕಿ, ಸ್ವಲ್ಪ ನೀರು ಬೆರೆಸಿ, ಕಡ್ಡಿಯನ್ನು ಅದ್ದಿ ಕಲಕಿದರೆ 0 ಡಿಗ್ರಿ ಆಸುಪಾಸು ತೋರಿಸಬೇಕು. ಕುದಿಯುವ ನೀರಿನಲ್ಲಿ ದೆಹಲಿಯಲ್ಲಿ 99 ಡಿಗ್ರಿಗಿಂತ ತುಸು ಹೆಚ್ಚು ಬರಬೇಕು. ಬೆಂಗಳೂರಿನ ಮನೆಯಲ್ಲಿ ಇದೇ ಪರೀಕ್ಷೆ ಮಾಡಿದರೆ 97 ಡಿಗ್ರಿ ಬಂದೀತು. ಅದು ಉಪಕರಣದ ದೋಷವಲ್ಲ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ಕಾರಣ ಅಲ್ಲಿ ನೀರು ಬೇಗ ಕುದಿಯುತ್ತದೆ. ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ತೋರಿಸುವ ಥರ್ಮಾಮೀಟರನ್ನು ವಾಪಸ್ ಮಾಡುವುದು ಒಳ್ಳೆಯದು.

ಎರಡನೆಯದು ರೈಸ್ ಕುಕ್ಕರ್

ಅನ್ನ ಮಾಡಲು ಹೇಗೂ ಬೇಕಾದ ವಸ್ತು. 1ರಿಂದ 1.8 ಲೀಟರ್‌ನ ಸಾಧಾರಣ ಎಲೆಕ್ಟ್ರಿಕ್ ರೈಸ್ ಕುಕ್ಕರ್‌ಗೆ 1,500ರಿಂದ 2,500 ರೂಪಾಯಿ ಆಗಬಹುದು. ಇದರಲ್ಲಿ ‘ಕುಕ್’ ಮತ್ತು ‘ವಾರ್ಮ್’ ಎಂಬ ಎರಡು ಹಂತಗಳಿರುತ್ತವೆ. ‘ವಾರ್ಮ್’ ಹಂತವು ಅನ್ನವನ್ನು ಬಿಸಿಯಾಗಿಡಲು ಇರುವಂಥದ್ದು. ಅದು ನೀರನ್ನು ಎಷ್ಟು ಬಿಸಿಯಲ್ಲಿ ಹಿಡಿದಿಡುತ್ತದೆ ಎಂಬುದು ಒಂದೊಂದು ಮಾದರಿಯಲ್ಲಿ ಒಂದೊಂದು ಥರ.

ಹಾಗಾಗಿ ಮೊದಲು ಬರೀ ನೀರಿನಲ್ಲಿ ಪರೀಕ್ಷೆ ಮಾಡಿ. ಕುಕ್ಕರ್‌ಗೆ 65 ಡಿಗ್ರಿ ಬಿಸಿಯ ನೀರು ಹಾಕಿ, ‘ವಾರ್ಮ್’ನಲ್ಲಿಟ್ಟು ಮುಚ್ಚಳ ಮುಚ್ಚಿ. ಅರ್ಧ ಗಂಟೆಗೊಮ್ಮೆ ಥರ್ಮಾಮೀಟರ್‌ನಲ್ಲಿ ನೋಡಿ ಬರೆದುಕೊಳ್ಳಿ. ಎರಡು ಗಂಟೆ ಕಾಲ 63ರಿಂದ 68 ಡಿಗ್ರಿ ನಡುವೆ ನಿಂತರೆ ಮೊಟ್ಟೆ ಮತ್ತು ಕೋಳಿಮಾಂಸಕ್ಕೆ ಬೇರೆ ಯಂತ್ರದ ಅಗತ್ಯವೇ ಇಲ್ಲ. 75 ಡಿಗ್ರಿ ದಾಟಿದರೆ ತಿನ್ನಲು ತೊಂದರೆಯಿಲ್ಲ, ಆದರೆ ಸೂ ವೀಡ್‌ನ ಮೃದುತ್ವ ಸಿಗದು. 60ಕ್ಕಿಂತ ಕೆಳಗಿಳಿದರೆ ಆ ಕುಕ್ಕರ್‌ನ ‘ವಾರ್ಮ್’ ಹಂತವನ್ನು ಮಾಂಸಕ್ಕೆ ಬಳಸಬೇಡಿ.

ಮೂರನೆಯದು ಪ್ಲಗ್ ಮಾದರಿಯ ಥರ್ಮೋಸ್ಟಾಟ್

‘ವಾರ್ಮ್’ ಕೈಕೊಟ್ಟಾಗ ನೆರವಿಗೆ ಬರುವುದು ಟೆಂಪರೇಚರ್ ಕಂಟ್ರೋಲರ್. ಒಂದು ತುದಿಯನ್ನು ಗೋಡೆಯ ಸಾಕೆಟ್‌ಗೆ ಹಾಕಿ, ಇನ್ನೊಂದು ತುದಿಗೆ ಕುಕ್ಕರ್ ಜೋಡಿಸಿ, ಅದರ ಸೆನ್ಸರ್ ವೈರನ್ನು ನೀರಿಗಿಳಿಸಿದರೆ ಆಯಿತು. ನಾವು ಹೇಳಿದ ಡಿಗ್ರಿ ಬಂದಾಗ ಕರೆಂಟ್ ಕಡಿದು, ಬಿಸಿ ಇಳಿದಾಗ ಮತ್ತೆ ಕೊಡುತ್ತದೆ. ಕೊಳ್ಳುವಾಗ ನಾಲ್ಕು ವಿಷಯ ಗಮನಿಸಿ.

1. ಕುಕ್ಕರ್‌ನ ಗುಂಡಿ ಹಳೆಯ ಕಾಲದ ಲಿವರ್ ಮಾದರಿಯದ್ದಾಗಿರಬೇಕು. ಡಿಜಿಟಲ್ ಬಟನ್ ಇರುವ ಕುಕ್ಕರ್‌ಗಳು ಕರೆಂಟ್ ಹೋಗಿ ಬಂದಾಗ ತಾವಾಗಿಯೇ ಶುರುವಾಗದಿರಬಹುದು. ಇಲ್ಲಿ ಅಗ್ಗದ ಕುಕ್ಕರ್ರೇ ಹೆಚ್ಚು ಉಪಯುಕ್ತ.

2. ಪೂರ್ತಿ ಡಬ್ಬಿಯೊಳಗೆ ಮುಚ್ಚಿದ, ಸಾಕೆಟ್ ಸಮೇತ ಬರುವ ಕಂಟ್ರೋಲರನ್ನೇ ಕೊಳ್ಳಿ. ಕೆಲವು ನೂರು ರೂಪಾಯಿಗೆ ಸಿಗುವ ಬಿಡಿ ಬೋರ್ಡ್‌ಗಳಿಗೆ ನಾವೇ ವೈರಿಂಗ್ ಮಾಡಬೇಕಾಗುತ್ತದೆ. 230 ವೋಲ್ಟ್ ಹರಿಯುವ ಬೆತ್ತಲೆ ತಂತಿ ಮತ್ತು ನೀರು ಒಂದೇ ಮೇಜಿನ ಮೇಲಿರುವುದು ಪ್ರಾಣಕ್ಕೆ ಅಪಾಯ.

3. ಕುಕ್ಕರ್ ಎಳೆಯುವಷ್ಟು ವ್ಯಾಟ್ ತಾಳುವ ಸಾಮರ್ಥ್ಯ ಕಂಟ್ರೋಲರ್‌ಗೆ ಇದೆಯೇ ಎಂದು ಅದರ ಮೇಲಿನ ಚೀಟಿಯಲ್ಲಿ ನೋಡಿ.

4. ಸೆನ್ಸರ್ ಜಾರಿ ನೀರಿನಿಂದ ಹೊರಬರದಂತೆ ಕ್ಲಿಪ್ ಹಾಕಿ. ಹೊರಬಂದರೆ ಕಂಟ್ರೋಲರ್‌ಗೆ ಕೋಣೆಯ ತಂಪು ಮಾತ್ರ ಗೊತ್ತಾಗುತ್ತದೆ, ಕುಕ್ಕರ್ ನೀರನ್ನು ಕುದಿಸುತ್ತಲೇ ಇರುತ್ತದೆ.

ಕುಕ್ಕರ್‌ನ ಕಾದ ತಟ್ಟೆ ಕರೆಂಟ್ ಹೋದ ಮೇಲೂ ಬಿಸಿ ಬಿಡುತ್ತಿರುತ್ತದೆ. ಆದ್ದರಿಂದ ಮೊದಲು ಬೇಕಾದ ಬಿಸಿಗಿಂತ ಮೂರು ನಾಲ್ಕು ಡಿಗ್ರಿ ಕಡಿಮೆಗೆ ಸೆಟ್ ಮಾಡಿ, ನೀರು ಸ್ಥಿರವಾದ ಮೇಲೆ ಏರಿಸಿಕೊಳ್ಳಿ. ತಳದಲ್ಲೊಂದು ಸ್ಟೀಲ್ ತಟ್ಟೆ ಇಟ್ಟರೆ ಕವರ್ ತಳಕ್ಕೆ ತಾಗುವುದಿಲ್ಲ. ನೀರು ತಾನಾಗಿ ತಿರುಗದ ಕಾರಣ ಆಗಾಗ ಒಮ್ಮೆ ಕಲಕಬೇಕು.

ಇಮ್ಮರ್ಷನ್ ಸರ್ಕ್ಯುಲೇಟರ್ ಯಾವಾಗ ಬೇಕು?

ಪಾತ್ರೆಯ ಅಂಚಿಗೆ ಕ್ಲಿಪ್ ಮಾಡುವ, ನೀರನ್ನು ಕಾಯಿಸುತ್ತಲೇ ತಿರುಗಿಸುವ ಈ ಕಡ್ಡಿ ಯಂತ್ರವೇ ಸೂ ವೀಡ್‌ನ ಅಸಲಿ ಸಾಧನ. ಭಾರತದಲ್ಲಿ ಇದು ಬಹುಮಟ್ಟಿಗೆ ಆಮದು ವಸ್ತು. ಬೆಲೆ ಹಲವು ಸಾವಿರ ರೂಪಾಯಿ. ಮೂರ್ನಾಲ್ಕು ಮಂದಿ ಸೇರಿ ಫ್ಲಾಟ್ ಬಾಡಿಗೆ ಪಡೆದು, ವಾರಕ್ಕೆ ಮೂರು ನಾಲ್ಕು ಬಾರಿ ಮಾಂಸ ಬೇಯಿಸುವವರಿಗೆ ಮಾತ್ರ ಇದು ಲಾಭ. ಒಬ್ಬರೇ ಇರುವವರಿಗೆ ರೈಸ್ ಕುಕ್ಕರ್ ಸಾಕು.

ಕೊಳ್ಳುವುದಾದರೆ ಮೊದಲು ವೋಲ್ಟೇಜ್ ನೋಡಿ. ಅಮೆರಿಕದ ಮಾರುಕಟ್ಟೆಗಾಗಿ ತಯಾರಾದವು 110ರಿಂದ 120 ವೋಲ್ಟ್‌ನವು. ಅಲ್ಲಿಂದ ಬರುವ ಸಂಬಂಧಿಕರು ‘ಅಗ್ಗಕ್ಕೆ ಸಿಕ್ಕಿತು’ ಎಂದು ತಂದುಕೊಟ್ಟ ಯಂತ್ರವನ್ನು ಇಲ್ಲಿನ 230 ವೋಲ್ಟ್‌ಗೆ ಹಾಕಿದರೆ ಸುಟ್ಟುಹೋಗುತ್ತದೆ. ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಬದಲಿಸುವುದಿಲ್ಲ ಎಂಬುದು ನೆನಪಿರಲಿ. ನೀರಿನ ಕನಿಷ್ಠ ಮಟ್ಟದ ಗೆರೆ ಎಷ್ಟು ಎತ್ತರದಲ್ಲಿದೆ, ನಿಮ್ಮಲ್ಲಿರುವ ಪಾತ್ರೆ ಅಷ್ಟು ಆಳ ಇದೆಯೇ, ಭಾರತದಲ್ಲಿ ವಾರಂಟಿ ಇದೆಯೇ ಎಂಬುದನ್ನೂ ನೋಡಿ. ಗಡಸು ನೀರಿರುವ ಕಡೆ ಹೀಟರ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಆಗಾಗ ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ಓಡಿಸಿದರೆ ಪದರ ಬಿಡುತ್ತದೆ.

ಸ್ನಾನದ ನೀರಿನ ರಾಡ್ ಬೇಡವೇ ಬೇಡ

ದೆಹಲಿಯ ಚಳಿಗಾಲದಲ್ಲಿ ಗೀಸರ್ ಇಲ್ಲದ ಕೋಣೆಗಳಲ್ಲಿ ಬಕೆಟ್‌ಗೆ ಇಳಿಬಿಡುವ ಇಮ್ಮರ್ಷನ್ ರಾಡ್ ಸಾಮಾನ್ಯ. ಹೆಸರು ಹತ್ತಿರವಿದೆ ಎಂದು ಇದನ್ನೇ ಅಡುಗೆಗೆ ಬಳಸುವ ಯೋಚನೆ ಬರಬಹುದು. ಎರಡೂ ಬೇರೆ ಬೇರೆ. ಸಾಧಾರಣ ರಾಡ್‌ನಲ್ಲಿ ಬಿಸಿಯನ್ನು ನಿಯಂತ್ರಿಸುವ ವ್ಯವಸ್ಥೆ ಇರುವುದಿಲ್ಲ. ಸ್ಟೀಲ್ ಪಾತ್ರೆಯಲ್ಲಿಟ್ಟರೆ, ರಾಡ್‌ನಲ್ಲಿ ಸೋರಿಕೆ ಇದ್ದಾಗ ಪಾತ್ರೆ ಮುಟ್ಟಿದವರಿಗೆ ಶಾಕ್ ಹೊಡೆಯಬಹುದು. ಕಾದ ಕೊಳವೆಗೆ ತಾಗಿದ ಪ್ಲಾಸ್ಟಿಕ್ ಕವರ್ ಕರಗುತ್ತದೆ. ರಾಡ್ ಬಕೆಟ್ ನೀರಿಗಷ್ಟೇ ಇರಲಿ, ಅದಕ್ಕೂ ಐಎಸ್‌ಐ ಗುರುತು ಇರಲಿ.

ವ್ಯಾಕ್ಯೂಮ್ ಸೀಲರ್ ಇಲ್ಲದಿದ್ದರೂ ನಡೆಯುತ್ತದೆ

ಗಾಳಿ ಎಳೆಯುವ ಯಂತ್ರ ಬೇಕಿಲ್ಲ. ಆಹಾರ ದರ್ಜೆಯ ಗಟ್ಟಿ ಜಿಪ್‌ಲಾಕ್ ಕವರ್‌ನಲ್ಲಿ ಮಾಂಸವಿಟ್ಟು, ಒಂದು ಮೂಲೆ ಮಾತ್ರ ತೆರೆದಿಟ್ಟು, ನಿಧಾನವಾಗಿ ನೀರಿಗಿಳಿಸಿ. ನೀರಿನ ಒತ್ತಡವೇ ಗಾಳಿಯನ್ನು ಹೊರದಬ್ಬುತ್ತದೆ. ಗಾಳಿ ಪೂರ್ತಿ ಹೋದ ಮೇಲೆ ಆ ಮೂಲೆಯನ್ನೂ ಮುಚ್ಚಿ. ತರಕಾರಿ ಅಂಗಡಿಯ ತೆಳು ಕವರ್, ಹಾಲಿನ ಖಾಲಿ ಪ್ಯಾಕೆಟ್, ಬಣ್ಣದ ಕ್ಯಾರಿಬ್ಯಾಗ್ ಇದಕ್ಕೆ ಸಲ್ಲದು. ಮೊಟ್ಟೆಗಂತೂ ಕವರೇ ಬೇಡ, ಚಿಪ್ಪೇ ಅದರ ಕವರ್. ಹೊಸಬರು ಮೊಟ್ಟೆಯಿಂದಲೇ ಶುರು ಮಾಡುವುದು ಉತ್ತಮ.

ಸಾಕೆಟ್ ಲೆಕ್ಕ ತಪ್ಪಿದರೆ ಅಪಾಯ

ಮುಖರ್ಜಿ ನಗರದಲ್ಲಿ ವಿದ್ಯುತ್ ಸುರಕ್ಷತೆ ಬರೀ ಪುಸ್ತಕದ ಮಾತಲ್ಲ. 2023ರ ಜೂನ್ 15ರಂದು ಇಲ್ಲಿನ ಕೋಚಿಂಗ್ ಕೇಂದ್ರವಿದ್ದ ಬಹುಮಹಡಿ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡಾಗ ವಿದ್ಯಾರ್ಥಿಗಳು ಕಿಟಕಿಯಿಂದ ಹಗ್ಗ, ವೈರ್ ಹಿಡಿದು ಕೆಳಗಿಳಿದ ದೃಶ್ಯಗಳನ್ನು ದೇಶವೇ ನೋಡಿತ್ತು. ವಿದ್ಯುತ್ ಮೀಟರ್ ಬಳಿ ಬೆಂಕಿ ಶುರುವಾಗಿತ್ತು ಎಂದು ಪೊಲೀಸರು ಹೇಳಿದ್ದರು. ದೆಹಲಿ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇದೇ ಪ್ರದೇಶದ ಯುವತಿಯರ ಪಿಜಿಯೊಂದರಲ್ಲೂ ಬೆಂಕಿ ಅನಾಹುತ ನಡೆದಿತ್ತು.

ಕೋಣೆಯ ಚಿಕ್ಕ ಪ್ಲಗ್ ಪಾಯಿಂಟ್ 6 ಆಂಪಿಯರ್‌ನದು. 230 ವೋಲ್ಟ್‌ಗೆ ಲೆಕ್ಕ ಹಾಕಿದರೆ ಅದು ತಾಳುವುದು 1,380 ವ್ಯಾಟ್. 700 ವ್ಯಾಟ್‌ನ ರೈಸ್ ಕುಕ್ಕರ್‌ಗೆ ಅದು ಸಾಕು. ಆದರೆ ಅದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ 1,500 ವ್ಯಾಟ್‌ನ ಕೆಟಲ್ ಕೂಡ ಹಾಕಿದರೆ ಒಟ್ಟು 2,200 ವ್ಯಾಟ್, ಅಂದರೆ ಒಂಬತ್ತೂವರೆ ಆಂಪಿಯರ್ ಹರಿಯುತ್ತದೆ. ಬೋರ್ಡ್ ಬಿಸಿಯಾಗುವುದು, ಸುಟ್ಟ ವಾಸನೆ ಬರುವುದು ಇದರಿಂದಲೇ. ಕೆಟಲ್, ಇಂಡಕ್ಷನ್ ಒಲೆ, ಸರ್ಕ್ಯುಲೇಟರ್‌ಗಳನ್ನು 16 ಆಂಪಿಯರ್‌ನ ದೊಡ್ಡ ಸಾಕೆಟ್‌ಗೆ ನೇರವಾಗಿ ಹಾಕಿ. ಎರಡು ಬಿಸಿ ಸಾಧನಗಳನ್ನು ಒಟ್ಟಿಗೆ ಓಡಿಸಬೇಡಿ. ಬೇಯುತ್ತಿರುವಾಗ ಬಾಗಿಲು ಹಾಕಿಕೊಂಡು ಲೈಬ್ರರಿಗೆ ಹೋಗುವುದೂ ಬೇಡ. ಪರೀಕ್ಷೆ ಮುಗಿಸಿ ಊರಿಗೆ ಹೊರಟವರಿಂದ ಸೆಕೆಂಡ್ ಹ್ಯಾಂಡ್ ಕುಕ್ಕರ್ ಕೊಳ್ಳುವವರು ಮೊದಲು ವೈರ್ ಮತ್ತು ಪ್ಲಗ್ ನೋಡಬೇಕು. ಟೇಪ್ ಸುತ್ತಿದ ವೈರ್ ಇದ್ದರೆ ಬದಲಿಸಿಕೊಂಡೇ ಬಳಸಿ.

ಕರೆಂಟ್ ಬಿಲ್ ಬಗ್ಗೆ ಹೆಚ್ಚು ಚಿಂತೆ ಬೇಡ. ಜನವರಿಯಲ್ಲಿ 12 ಡಿಗ್ರಿ ಇರುವ ಒಂದೂವರೆ ಲೀಟರ್ ನೀರನ್ನು 63 ಡಿಗ್ರಿಗೆ ಏರಿಸಲು ಬೇಕಾಗುವುದು ಸುಮಾರು 0.09 ಯೂನಿಟ್. ಮುಚ್ಚಳ ಮುಚ್ಚಿಟ್ಟರೆ ಒಂದು ಗಂಟೆಯ ಅಡುಗೆ ಕಾಲು ಯೂನಿಟ್ ದಾಟುವುದು ಅಪರೂಪ. ಆದರೂ ಮನೆ ಮಾಲೀಕರು ಸಬ್ ಮೀಟರ್ ಇಟ್ಟು ಯೂನಿಟ್‌ಗೆ ಎಷ್ಟು ಪಡೆಯುತ್ತಾರೆ, ಕೋಣೆಯಲ್ಲಿ ಅಡುಗೆಗೆ, ಅದರಲ್ಲೂ ಮಾಂಸಾಹಾರಕ್ಕೆ ಒಪ್ಪಿಗೆ ಇದೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಿ.

ಏನು ಬೇಯಿಸಬಹುದು?

ಮೊಟ್ಟೆ: 64 ಡಿಗ್ರಿಯಲ್ಲಿ ಒಂದು ಗಂಟೆ. ಬಿಳಿಭಾಗ ಮೆತ್ತಗೆ, ಹಳದಿ ಭಾಗ ಗಟ್ಟಿ ಕೆನೆಯಂತೆ ಬರುತ್ತದೆ. ಬಿಸಿ ಅನ್ನ, ಉಪ್ಪು, ಮೆಣಸಿನಪುಡಿ ಸೇರಿದರೆ ಒಂದು ಹೊತ್ತಿನ ಊಟ.

ಕೋಳಿಮಾಂಸ: ಮೂಳೆ ಇಲ್ಲದ, ಒಂದು ಇಂಚು ದಪ್ಪದ ಎದೆಭಾಗಕ್ಕೆ 65 ಡಿಗ್ರಿಯಲ್ಲಿ ಒಂದೂವರೆ ಗಂಟೆ. ಉಪ್ಪು, ಅರಿಶಿನ, ಖಾರದಪುಡಿ ಸವರಿ ಇಡಬಹುದು. ಹಸಿ ಬೆಳ್ಳುಳ್ಳಿ ಬೇಡ, ಗಾಳಿಯಿಲ್ಲದ ಕವರ್‌ನಲ್ಲಿ ಕಡಿಮೆ ಬಿಸಿಗೆ ಅದು ಅಪಾಯಕಾರಿ ಬ್ಯಾಕ್ಟೀರಿಯಾಕ್ಕೆ ದಾರಿಯಾಗಬಹುದು. ಹೊರತೆಗೆದ ಮೇಲೆ ಕಾದ ತವದಲ್ಲಿ ಅರ್ಧ ನಿಮಿಷ ಎರಡೂ ಬದಿ ಕೆಂಪಗಾಗಿಸಿದರೆ ರುಚಿ ಹೆಚ್ಚು.

ತರಕಾರಿ: ಕ್ಯಾರೆಟ್, ಬೀನ್ಸ್ ಮೆತ್ತಗಾಗಲು 83ರಿಂದ 85 ಡಿಗ್ರಿ ಬೇಕು. ಸಸ್ಯಾಹಾರಿಗಳು ಇದಕ್ಕೆಂದೇ ಸಾಧನ ಕೊಳ್ಳುವ ಅಗತ್ಯವಿಲ್ಲ, ಕುಕ್ಕರ್‌ನ ಹಬೆಯೇ ಸಾಕು.

ರಾಜ್ಮಾ: ದೆಹಲಿಯಲ್ಲಿ ರಾಜ್ಮಾ ಅನ್ನ ಎಲ್ಲರ ಮೆಚ್ಚಿನದು. ಆದರೆ ಇದನ್ನು ಎಂದಿಗೂ ಕಡಿಮೆ ಬಿಸಿಯಲ್ಲಿ ಬೇಯಿಸಬೇಡಿ. ಹಸಿ ರಾಜ್ಮಾ ಕಾಳಿನಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಅಂಶ 80 ಡಿಗ್ರಿಗಿಂತ ಕಡಿಮೆ ಬಿಸಿಯಲ್ಲಿ ನಾಶವಾಗುವುದಿಲ್ಲ. ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗುತ್ತದೆ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಪ್ರೆಶರ್ ಕುಕ್ಕರ್‌ನಲ್ಲೇ ಚೆನ್ನಾಗಿ ಬೇಯಿಸಬೇಕು.

ಚಳಿಗಾಲದಲ್ಲೂ ಹೆಪ್ಪುಗಟ್ಟುವ ಮೊಸರು

ಇದು ಸೂ ವೀಡ್ ಅಲ್ಲ. ಆದರೆ ಕನ್ನಡಿಗರಿಗೆ ಈ ಸಾಧನಗಳಿಂದ ಸಿಗುವ ಅತಿ ದೊಡ್ಡ ಪ್ರಯೋಜನ ಬಹುಶಃ ಇದೇ. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ರಾತ್ರಿಯ ಚಳಿಗೆ ಹಾಲು ಹೆಪ್ಪುಗಟ್ಟುವುದೇ ಇಲ್ಲ. ಮೊಸರನ್ನವಿಲ್ಲದೆ ಊಟ ಮುಗಿದಂತೆ ಅನಿಸದವರಿಗೆ ಇದು ಸಣ್ಣ ಸಂಕಟವಲ್ಲ.

ಕಾಯಿಸಿದ ಹಾಲು 43 ಡಿಗ್ರಿಗೆ ಇಳಿದಾಗ ಒಂದು ಚಮಚ ಹೆಪ್ಪು ಬೆರೆಸಿ, ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ. ಥರ್ಮೋಸ್ಟಾಟ್ ಇದ್ದರೆ ಕುಕ್ಕರ್ ನೀರನ್ನು 42 ಡಿಗ್ರಿಗೆ ಸೆಟ್ ಮಾಡಿ ಅದರಲ್ಲಿ ಡಬ್ಬಿ ಇಡಿ. ಐದಾರು ಗಂಟೆಯಲ್ಲಿ ಗಟ್ಟಿ ಮೊಸರು ಸಿದ್ಧ. ಥರ್ಮೋಸ್ಟಾಟ್ ಇಲ್ಲದಿದ್ದರೆ 45 ಡಿಗ್ರಿಯ ನೀರು ತುಂಬಿದ ಹಾಟ್ ಬಾಕ್ಸ್‌ನೊಳಗೆ ಡಬ್ಬಿಯಿಟ್ಟು, ಮೇಲೆ ಕಂಬಳಿ ಹೊದಿಸಿದರೂ ಆಗುತ್ತದೆ. ಕುಕ್ಕರ್‌ನ ‘ವಾರ್ಮ್’ ಹಂತದಲ್ಲಿ ಮಾತ್ರ ಇಡಬೇಡಿ. ಆ ಬಿಸಿಗೆ ಹೆಪ್ಪಿನ ಬ್ಯಾಕ್ಟೀರಿಯಾ ಸತ್ತು ಹಾಲು ಹಾಲಾಗಿಯೇ ಉಳಿಯುತ್ತದೆ.

ಈ ಎಚ್ಚರಿಕೆ ಮರೆಯಬೇಡಿ

5ರಿಂದ 60 ಡಿಗ್ರಿ ನಡುವಿನ ಬಿಸಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಅವಕಾಶ ಹೆಚ್ಚು. ಬೇಯುವಾಗ ಕರೆಂಟ್ ಹೋದರೆ ಮುಚ್ಚಳ ತೆಗೆಯಬೇಡಿ. ಕರೆಂಟ್ ಬಂದ ಕೂಡಲೇ ಥರ್ಮಾಮೀಟರ್ ನೋಡಿ. ನೀರು 60 ಡಿಗ್ರಿಗಿಂತ ಕೆಳಗಿಳಿದಿದ್ದರೆ ಮಾಂಸವನ್ನು ಕೂಡಲೇ ಬಾಣಲೆಯಲ್ಲಿ ಪೂರ್ತಿ ಬೇಯಿಸಿ. ಎರಡು ಗಂಟೆಗೂ ಹೆಚ್ಚು ಕಾಲ ಕೆಳಗಿದ್ದರೆ ಎಸೆಯುವುದೇ ಸರಿ. ಫ್ರಿಜ್ ಇಲ್ಲದವರು ಆ ಹೊತ್ತಿಗೆ ಬೇಕಾದಷ್ಟನ್ನೇ ಬೇಯಿಸಿ ಬಿಸಿಯಿರುವಾಗಲೇ ತಿನ್ನಬೇಕು. ಫ್ರಿಜ್ ಇದ್ದರೆ ಕವರ್ ಸಮೇತ ಐಸ್ ನೀರಿನಲ್ಲಿ ತಣಿಸಿ ಒಳಗಿಡಿ. ಗರ್ಭಿಣಿಯರು, ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಮೊಟ್ಟೆ, ಮಾಂಸವನ್ನು ಮಾಮೂಲಿ ರೀತಿಯಲ್ಲಿ ಪೂರ್ತಿ ಬೇಯಿಸಿ ತಿನ್ನುವುದೇ ಸುರಕ್ಷಿತ.

ಒಟ್ಟು ಖರ್ಚು ಎಷ್ಟು?

ರೈಸ್ ಕುಕ್ಕರ್ ಈಗಾಗಲೇ ಇದ್ದರೆ ಥರ್ಮಾಮೀಟರ್ ಮತ್ತು ಕವರ್ ಸೇರಿ 500 ರೂಪಾಯಿ ಆಸುಪಾಸಿನಲ್ಲಿ ಆರಂಭಿಸಬಹುದು. ಹೊಸ ಕುಕ್ಕರ್ ಕೊಂಡರೂ 3,000 ರೂಪಾಯಿ ದಾಟಬೇಕಿಲ್ಲ. ಥರ್ಮೋಸ್ಟಾಟ್ ಬೇಕೇ ಬೇಡವೇ ಎಂಬುದನ್ನು ಕುಕ್ಕರ್‌ನ ‘ವಾರ್ಮ್’ ಪರೀಕ್ಷೆ ಆದ ಮೇಲೆ ನಿರ್ಧರಿಸಿ. ಕೈಯಲ್ಲಿ ಮುಟ್ಟಿ ನೋಡಿ ಕೊಳ್ಳುವವರು ಜಿಟಿಬಿ ನಗರದಿಂದ ಮೆಟ್ರೊದ ಹಳದಿ ಮಾರ್ಗದಲ್ಲಿ ಐದನೇ ನಿಲ್ದಾಣವಾದ ಚಾಂದನಿ ಚೌಕ್‌ನಲ್ಲಿ ಇಳಿದರೆ ವಿದ್ಯುತ್ ಸಾಮಗ್ರಿಗಳ ದೊಡ್ಡ ಮಾರುಕಟ್ಟೆ ಭಾಗೀರಥ್ ಪ್ಯಾಲೇಸ್ ಹತ್ತಿರದಲ್ಲೇ ಇದೆ. ಬಿಲ್ ಮತ್ತು ವಾರಂಟಿ ಕಾರ್ಡ್ ಕೇಳಿ ಪಡೆಯುವುದನ್ನು ಮರೆಯಬೇಡಿ.

ಮೊದಲ ವಾರ ಬರೀ ಮೊಟ್ಟೆಯಲ್ಲಿ ಅಭ್ಯಾಸ ಮಾಡಿ, ನಿಮ್ಮ ಕುಕ್ಕರ್‌ನ ಸ್ವಭಾವ ತಿಳಿದ ಮೇಲೆ ಕೋಳಿಮಾಂಸಕ್ಕೆ ಕೈಹಾಕಿ. ಅಷ್ಟರಲ್ಲಿ ದುಬಾರಿ ಯಂತ್ರ ಬೇಕೋ ಬೇಡವೋ ಎಂಬುದು ನಿಮಗೇ ಗೊತ್ತಾಗಿರುತ್ತದೆ.